‘ಕಾಕಾ’ ಅನ್ನೂದು ಯಾರ ಶಬ್ದ?

ಘಟಪ್ರಭಾ ದಂಡಿ (ಗೋಕಾಕ):

ಎಲ್ಲಾರಿಗೂ ಶರಣು. ಒಂದು ಸಣ್ಣ ಶಬ್ದದ ಬಗ್ಗೆ ಕೇಳೂದೈತಿ. ಒಂದು ವಾರದಿಂದ ತಲ್ಯಾಗ ಕೊರಿಲಾಕತ್ತೈತಿ.

ನಮ್ಮ ಮನ್ಯಾಗ ಅಪ್ಪನ ತಮ್ಮಗ ‘ಕಾಕಾ’ ಅಂತೀವಿ, ಅವರ ಹೆಂಡತಿಗೆ ‘ಕಾಕು’. ನಮ್ಮಜ್ಜನೂ ತನ್ನ ಕಾಕಾನ ಕತಿ ಹೇಳ್ತಿದ್ದ. ಅಂದ್ರ ಕಡಿಮಿ ಅಂದ್ರೂ ನಾಕು ತಲಿಯಿಂದ ಈ ಶಬ್ದ ನಮ್ಮಲ್ಲೈತಿ. ಮನ್ಯಾಗ ಮರಾಠಿ ಮಾತಾಡೋರು ಒಬ್ಬರೂ ಇಲ್ಲ. ಹೋದ ವಾರ ನಮ್ಮ ಓಣ್ಯಾಗ ಒಂದು ಮನಿ ಶಾಂತಿ ಇತ್ತು. ಪಂಕ್ತ್ಯಾಗ ಕುಂತಾಗ ನಾ ನಮ್ಮ ಕಾಕಾಗ ‘ಕಾಕಾ, ಇನ್ನೊಂದು ಹೋಳಿಗಿ ಹಾಕಿಸ್ಕೋರಿ’ ಅಂದೆ. ಬಾಜೂಕ ಕುಂತ ಹಿರಿಯರೊಬ್ಬರು, ‘ಕಾಕಾ ಅಂಬೂದು ಕನ್ನಡ ಅಲ್ಲೋ ತಮ್ಮಾ, ಚಿಕ್ಕಪ್ಪ ಅನ್ನು. ಗಡಿಯಾಗ ಇದ್ದ ನಾವೇ ಹಿಂಗಂದ್ರ ಹೆಂಗ?’ ಅಂದ್ರು. ಅವರು ಕೆಟ್ಟ ಮನಸ್ಸಿಲೆ ಅಂದಿಲ್ಲ, ಗೊತ್ತೈತಿ. ಆದ್ರ ನಮ್ಮ ಕಾಕಾನ ಕೈಯಾಗಿನ ತುತ್ತು ಹಂಗ ನಿಂತತು. ಅರವತ್ತೆಂಟು ವರ್ಷದ ಮನಶಾ, ಆಮ್ಯಾಲೆ ಊಟ ಮುಗಿಯೂ ತನಕ ಮಾತಾಡಲಿಲ್ಲ.

ಇನ್ನೊಂದು. ನಮ್ಮಣ್ಣನ ಹೆಂಡತಿ ಮಂಡ್ಯದ ಕಡೆಯವರು. ಕಾಕಾಗ ನಾವು ‘ಕಕ್ಕಾ’ ಅಂತನೂ ಕರೀತೀವಿ. ಲಗ್ನಾಗಿ ಬಂದ ಹೊಸದಾಗ ‘ವೈನಿ, ಕಕ್ಕಾ ಬಂದಾರ, ಚಾ ಇಡ್ರಿ’ ಅಂದ್ರ ಅವರ ಮಾರಿ ಒಂದ ನಮೂನಿ ಆಗತಿತ್ತು. ಯಾಕ ಅಂತ ಎರಡು ತಿಂಗಳ ಹೇಳಲೇ ಇಲ್ಲ. ಈಗ ಅವರ ಮಗಳಿಗೆ ಎರಡು ವರ್ಷ ತುಂಬಾಕ ಬಂದೈತಿ. ನನಗ ‘ತಾತಾ’ ಅಂತೈತಿ. ಕೂಸಿಗೆ ಕಾಕಾ ಅಂತ ಕಲಸಬೇಕೋ ಚಿಕ್ಕಪ್ಪ ಅಂತ ಕಲಸಬೇಕೋ ಅಂತ ಮನ್ಯಾಗ ಮಾತು ನಡದೈತಿ. ಈ ಶಬ್ದ ಎಲ್ಲೀದು? ತಿಳಿದವರು ಹೇಳ್ರಿ.

ನಿಪ್ಪಾಣಿ ಪ್ಯಾಟಿ:

ನಮ್ಮ ಮನೆಮಾತು ಮರಾಠಿ, ಸಾಲಿ ಕಲಿತದ್ದು ಕನ್ನಡದಾಗ. ಹಿಂಗಾಗಿ ಎರಡೂ ಕಡೆಯಿಂದ ಹೇಳ್ತೀನಿ.

ನಿಮ್ಮ ‘ಕಾಕಾ’ ಮರಾಠಿ ಹಾದಿಯಿಂದ ಬಂದಿರಬೇಕು ಅನ್ನಾಕ ಗುರುತು ಅದಾವ. ಒಂದು, ಅದು ಒಂಟಿಯಾಗಿ ಬಂದಿಲ್ಲ, ಜೋಡಿ ಕಟಗೊಂಡು ಬಂದೈತಿ. ಕಾಕಾ ಜೊತಿಗೆ ಕಾಕೂ, ವೈನಿ, ಮಾವಶಿ. ನೀವೇ ಮ್ಯಾಲೆ ‘ವೈನಿ’ ಅಂತ ಬರದೀರಿ, ನೋಡ್ರಿ. ಇನ್ನೊಂದು, ಕನ್ನಡದ ಅಪ್ಪ, ಅಣ್ಣ, ಮಾವ, ಅತ್ತೆ ಎಲ್ಲಾ ಮೋಟು ಸ್ವರದಾಗ ಮುಗೀತಾವ. ಕರಿಯುವಾಗ ಅಷ್ಟ ‘ಅಣ್ಣಾ’ ಅಂತ ಎಳೀತೀವಿ. ‘ಕಾಕಾ’ ಕರೀಲಿಕ್ಕರೆ ಇರಲಿ, ಸುಮ್ಮ ಹೇಳಲಿಕ್ಕರೆ ಇರಲಿ, ಕಡೀಕ ಉದ್ದನ ಉಳೀತೈತಿ.

ಆದ್ರ ಆ ಹಿರಿಯರಿಗೆ ಒಂದು ಮಾತು ಮುಟ್ಟಸ್ರಿ. ಮರಾಠಿ ಮನಿಗಳೊಳಗ ‘ಅಣ್ಣಾ’, ‘ಅಕ್ಕಾ’, ‘ಆಪ್ಪಾ’ ಅಂತ ಕರೀತಾರಲ್ಲ, ಅವು ಕನ್ನಡದ ಕಡೆಯಿಂದ ಹೋದವು. ಕೊಲ್ಲಾಪುರದಾಗ ನಮ್ಮ ಸೋದರತ್ತಿ ತನ್ನ ಹಿರೇ ಮಗನಿಗೆ ಅಣ್ಣಾ ಅಂತಾಳ. ಅದು ಮರಾಠಿ ಅಲ್ಲ ಅಂತ ಆಕಿಗೆ ಯಾರೂ ಹೇಳಿಲ್ಲ, ಹೇಳಿದ್ರ ಆಕಿ ಬಿಡಾಕಿನೂ ಅಲ್ಲ. ಕೃಷ್ಣಾ ದಾಟಿ ಹೆಣ್ಣು ಕೊಟ್ಟು ತಂದ ನಾಡಿದು. ಹೆಣ್ಣುಮಕ್ಕಳು ಸೀರಿ, ಪಾತ್ರಿ ಜೊತಿಗೆ ಶಬ್ದಾನೂ ಉಡಿಯಾಗ ಕಟಗೊಂಡು ಬಂದಾರ.

ಗೋಳಗುಮ್ಮಟ (ವಿಜಯಪುರ):

ಮರಾಠಿಗೂ ಅದು ಎಲ್ಲಿಂದ ಬಂತು ಅನ್ನೋದು ಕೇಳಬೇಕಲ್ಲ. ಫಾರಸಿಯೊಳಗ ‘ಕಾಕಾ’ ಅದ. ಇರಾನಿನ ಶಿರಾಜ್ ಕಡೆ ಅಣ್ಣತಮ್ಮರಿಗೆ ಹಂಗ ಕರೀತಾರ. ಅಫ್ಘಾನಿಸ್ತಾನದ ದರಿ, ಪಶ್ತೋ ಭಾಷಾದೊಳಗ ಅಪ್ಪನ ಸೋದರನೇ ಕಾಕಾ. ಕುರ್ದ ಮಂದಿ ಹಿರಿಯಣ್ಣಗ ‘ಕಾಕ್’ ಅಂತಾರ. ನಮ್ಮೂರಾಗ ಆದಿಲಶಾಹಿ 1490ರಿಂದ 1686ರ ತನಕ ನಡೀತು, ದರಬಾರದ ಭಾಷಾ ಫಾರಸಿ. ದಫ್ತರ, ಜಮೀನು, ಸರಕಾರ, ದವಾಖಾನಿ ಎಲ್ಲಾ ಆ ಹಾದೀಲೇ ಬಂದವು. ಕಾಕಾನೂ ಯಾಕ ಬಂದಿರಬಾರದು?

ಹಳೆಗನ್ನಡ ಮಾಸ್ತರ (ಜಮಖಂಡಿ):

ಗೋಳಗುಮ್ಮಟದವರೇ, ದಫ್ತರಕ್ಕೂ ಕಾಕಾಗೂ ವ್ಯತ್ಯಾಸ ಇದೆ. ದಫ್ತರ, ಜಮೀನು ಇವು ಆಡಳಿತದ ಶಬ್ದಗಳು. ಅರಸ ಬದಲಾದರೆ ಕಾಗದದ ಮೇಲಿನ ಶಬ್ದ ಬದಲಾಗುತ್ತದೆ. ಅಪ್ಪನ ತಮ್ಮನನ್ನು ಏನು ಕರೆಯಬೇಕೆಂದು ದರಬಾರು ಹೇಳಿಕೊಡುವುದಿಲ್ಲ, ಅದನ್ನು ಅವ್ವ ಹೇಳಿಕೊಡುತ್ತಾಳೆ. ಗುಜರಾತಿ, ಮರಾಠಿಯಿಂದ ನೇಪಾಳಿವರೆಗೆ ಈ ಶಬ್ದ ಹಬ್ಬಿಕೊಂಡಿದೆ. ನೇಪಾಳದಲ್ಲಿ ಕಾಕಾ ಅಂದರೆ ನಮ್ಮ ಹಾಗೆಯೇ ಅಪ್ಪನ ತಮ್ಮ, ಹೆಂಡತಿ ಕಾಕಿ. ಅಲ್ಲಿ ಆದಿಲಶಾಹಿ ಎಲ್ಲಿತ್ತು? ನಮ್ಮ ಜಿಲ್ಲೆಗಳ ಮಟ್ಟಿಗೆ ನಿಪ್ಪಾಣಿಯವರ ಮಾತೇ ನನಗೆ ಸರಿ ಕಾಣುತ್ತದೆ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದರು, ಎರಡೂ ಮರಾಠಿ ಮನೆತನಗಳು. 1956ರ ತನಕ ಬೆಳಗಾವಿ, ವಿಜಾಪುರ ಎರಡೂ ಮುಂಬಯಿಯ ಕೈಯಲ್ಲಿದ್ದವು. ಮನೆ ಮನೆ ನೆರೆಹೊರೆಯಾಗಿ ಇಷ್ಟು ಕಾಲ ಕಳೆದ ಮೇಲೆ ಸಂಬಂಧದ ಶಬ್ದ ದಾಟದೆ ಇರುವುದೇ ಕಷ್ಟ.

ಗೋಕಾಕದ ತಮ್ಮಾ, ನಿನ್ನ ಪ್ರಶ್ನೆಯಲ್ಲಿ ಎಲ್ಲರೂ ಬಿಟ್ಟ ಒಂದು ಸಂಗತಿ ಇದೆ. ಕನ್ನಡದಲ್ಲಿ ಅಪ್ಪನ ತಮ್ಮ ‘ಚಿಕ್ಕ ಅಪ್ಪ’, ಅಪ್ಪನ ಅಣ್ಣ ‘ದೊಡ್ಡ ಅಪ್ಪ’. ಅಂದರೆ ಅವರೂ ಅಪ್ಪಂದಿರೇ. ಆದ್ದರಿಂದಲೇ ಅವರ ಮಕ್ಕಳು ನಮಗೆ ಅಣ್ಣ, ತಂಗಿ. ಅವರೊಡನೆ ಲಗ್ನ ಇಲ್ಲ, ಸೋದರಮಾವನ ಮಗಳೊಡನೆ ಉಂಟು. ಚಿಕ್ಕವ್ವನ ಗಂಡನೂ ಚಿಕ್ಕಪ್ಪನೇ ಆಗುತ್ತಾನೆ. ಈ ಕಟ್ಟು ದಕ್ಷಿಣದ್ದು. ಈಗ ನಿನ್ನ ಮನೆಯಲ್ಲಿ ನೋಡು. ಅವ್ವನ ತಂಗಿಯ ಗಂಡನಿಗೆ ಏನಂತೀರಿ? ನಮ್ಮ ಮನೆಯಲ್ಲಿ ಅವರಿಗೂ ಕಾಕಾ ಅಂತಲೇ ಅನ್ನುತ್ತೇವೆ. ಶಬ್ದ ಹೊರಗಿನದು ಬಂದರೂ ಅದು ಬಂದು ಕುಳಿತದ್ದು ಚಿಕ್ಕಪ್ಪನ ಮಣೆಯ ಮೇಲೆ. ಮಣೆ ಬದಲಾಗಿಲ್ಲ. ನಿನ್ನ ಕಾಕಾಗೆ ಈ ಮಾತನ್ನು ನನ್ನ ಹೆಸರಿನಿಂದ ಹೇಳು.

ಕಾಕು ಎಂಬುದರ ಬಗ್ಗೆ ಒಂದು ಮಾತು. ಅಲಂಕಾರಶಾಸ್ತ್ರದಲ್ಲಿ ‘ಕಾಕು’ ಅಂದರೆ ದನಿಯ ಏರಿಳಿತ. ‘ನೀ ಬಹಳ ಶ್ಯಾಣ್ಯಾ’ ಎಂಬ ಒಂದೇ ಮಾತನ್ನು ದನಿ ತಿರುಗಿಸಿ ಬೈಗುಳವಾಗಿಯೂ ಆಡಬಹುದಲ್ಲ, ಅದು ಕಾಕುವಕ್ರೋಕ್ತಿ. ಪದವಿ ತರಗತಿಯಲ್ಲಿ ಇದನ್ನು ಪಾಠ ಮಾಡುವಾಗ ನಮ್ಮ ಹುಡುಗರೆಲ್ಲ ತಮ್ಮ ತಮ್ಮ ಮನೆಯ ಕಾಕು ನೆನೆಸಿಕೊಂಡು ತಲೆ ತಗ್ಗಿಸುತ್ತಿದ್ದರು. ಎರಡಕ್ಕೂ ಸಂಬಂಧ ಇಲ್ಲ, ಆದರೆ ಇಪ್ಪತ್ತು ವರ್ಷ ಆ ಪಾಠ ಒಬ್ಬರೂ ಮರೆತದ್ದಿಲ್ಲ.

ಮಂಡ್ಯದ ಸೊಸೆ:

ಮಾಸ್ತರಿಗೆ ನಮಸ್ಕಾರ. ಮೇಲೆ ಬರೆದಿರೋ ಅತ್ತಿಗೆ ನಾನೇ. ನನ್ನ ಮೈದುನ ಎಲ್ಲಾ ಹೇಳಿ ಮುಖ್ಯವಾದದ್ದನ್ನ ಬಿಟ್ಟಿದ್ದಾರೆ.

ನಮ್ಮ ಕಡೆ ‘ಕಕ್ಕ’ ಅಂದ್ರೆ ಮಕ್ಕಳು ಎರಡಕ್ಕೆ ಹೋಗೋದು. ‘ಮಗು ಕಕ್ಕ ಮಾಡ್ಕೊಂಡಿದೆ’ ಅಂತೀವಿ. ಹೊಸದಾಗಿ ಬಂದ ಮನೇಲಿ, ಬಿಳಿ ಧೋತ್ರ, ತಲೆಗೆ ಪಟಕಾ ಸುತ್ತಿರೋ ಅಷ್ಟು ದೊಡ್ಡವರು ಬಾಗಿಲಲ್ಲಿ ನಿಂತಿದ್ದಾರೆ, ಒಳಗಿಂದ ಎಲ್ಲರೂ ‘ಕಕ್ಕಾ ಬಂದ್ರು’ ಅಂತ ಕೂಗ್ತಿದ್ದಾರೆ. ನನಗೆ ನೆಲ ನೋಡೋದು ಬಿಟ್ಟು ಬೇರೆ ದಾರಿ ಇರಲಿಲ್ಲ. ಅವರು ನನ್ನ ನಾಚಿಕೆ ನೋಡಿ, ಸೊಸೆ ಬಹಳ ಮರ್ಯಾದಸ್ಥೆ ಅಂತ ಅತ್ತೆ ಹತ್ರ ಹೊಗಳಿದ್ರಂತೆ.

ಅವತ್ತಿಂದ ನಾನೂ ಇದರ ಬೆನ್ನು ಹತ್ತಿದ್ದೀನಿ. ದೊಡ್ಡವರು ಹೋಗೋ ಜಾಗಕ್ಕೆ ನಾವು ‘ಕಕ್ಕಸು’ ಅಂತೀವಿ. ತಮಿಳಲ್ಲೂ ‘ಕಕ್ಕೂಸು’. ಇದು ಡಚ್ಚರ ‘ಕಾಕ್‌ಹೌಸ್’ ಅನ್ನೋ ಶಬ್ದ, ಕಾಕ್ ಅಂದ್ರೆ ಮಲ, ಹೌಸ್ ಅಂದ್ರೆ ಮನೆ. ಸಿಲೋನು, ನಾಗಪಟ್ಟಣ, ಪುಲಿಕಾಟ್ ಕಡೆ ಡಚ್ಚರು ಇದ್ರಲ್ಲ, ಅಲ್ಲಿಂದ ತಮಿಳಿಗೆ ಬಂದು ನಮ್ಮವರೆಗೂ ಬಂತು. ಮೂಲಕ್ಕೆ ಹೋದ್ರೆ ಲ್ಯಾಟಿನ್ನಿನ ‘ಕಕಾರೆ’, ಸ್ಪ್ಯಾನಿಷ್ ‘ಕಾಕಾ’, ಜರ್ಮನ್ ‘ಕಾಕ’, ಐರಿಷ್ ‘ಕಾಕ್’ ಎಲ್ಲಾ ಅದೇ ಅರ್ಥ. ನಿಮ್ಮ ಕಡೆ ಅದಕ್ಕೆ ಸಂಡಾಸ, ಪಾಯಖಾನಿ ಅಂತೀರಿ. ಮಕ್ಕಳಿಗೆ ‘ಛೀ’ ಅಂತೀರಿ. ನಿಮ್ಮಲ್ಲಿ ಕಕ್ಕಸು ಬರಲಿಲ್ಲ, ಅದಕ್ಕೇ ‘ಕಕ್ಕ’ ಚಿಕ್ಕಪ್ಪನಿಗೆ ಸಿಕ್ತು. ನಮ್ಮಲ್ಲಿ ಕಾಕಾ ಬರಲಿಲ್ಲ, ‘ಕಕ್ಕ’ ಮಕ್ಕಳ ಪಾಲಿಗೆ ಹೋಯ್ತು. ಕನ್ನಡ ಒಂದೇ ಆದ್ರೂ, ನಡುವೆ ನಾನೂರೈವತ್ತು ಕಿಲೋಮೀಟರ್ ಇದೆ ನೋಡಿ.

ಮತ್ತೆ ‘ಕಕ್ಕು’ ಅಂದ್ರೆ ವಾಂತಿ ಮಾಡೋದು. ಅದು ಅಪ್ಪಟ ನಮ್ಮದೇ, ತಮಿಳಲ್ಲೂ ಇದೆ. ಗಂಟಲಿಂದ ಹೊರಗೆ ಬರೋ ಸದ್ದೇ ಶಬ್ದ ಆಗಿದೆ ಅನ್ಸುತ್ತೆ ನನಗೆ.

ಖಾನಾಪುರ ಮಳಿ:

ನಮ್ಮ ತಾಲೂಕಿನ ಕಕ್ಕೇರಿ ಯಾರೂ ನೆನಸಲಿಲ್ಲಲ್ಲ! 12ನೆಯ ಶತಮಾನದ ಶರಣ ಡೋಹರ ಕಕ್ಕಯ್ಯನವರ ಸಮಾಧಿ ಅಲ್ಲೈತಿ. ಕಲ್ಯಾಣದ ಗದ್ದಲ ಆದ ಮ್ಯಾಲೆ ಶರಣರು ಉಳವಿ ಕಡೆ ಹೊಂಟಾಗ ಕಾದಾಡಿ ಲಿಂಗೈಕ್ಯ ಆದ್ರು ಅಂತ ನಮ್ಮ ಕಡೆ ನಂಬಿಗಿ. ಬಸವಣ್ಣನವರು ಒಂದು ವಚನದಾಗ ಮಾದಾರ ಚೆನ್ನಯ್ಯಗ ಅಪ್ಪ ಅಂತಾರ, ಡೋಹರ ಕಕ್ಕಯ್ಯಗ ಬೊಪ್ಪ ಅಂತಾರ. ಬೊಪ್ಪ ಅಂದ್ರೂ ತಂದೀನೇ. ಎಂಟುನೂರು ವರ್ಷದ ಹಿಂದೆ ‘ಕಕ್ಕ’ ಕನ್ನಡದಾಗಿತ್ತು ಅನ್ನಾಕ ಇದಕ್ಕಿಂತ ಪುರಾವೆ ಏನ ಬೇಕು?

ಹಳೆಗನ್ನಡ ಮಾಸ್ತರ (ಜಮಖಂಡಿ):

ಕಕ್ಕೇರಿ ನೆನಪಿಸಿದ್ದು ಬಹಳ ಚಲೋ ಆಯಿತು. ಆದರೆ ಪುರಾವೆ ಎಂದು ಅವಸರ ಮಾಡಬ್ಯಾಡ್ರಿ. ಹೆಸರಿನೊಳಗೆ ‘ಕಕ್ಕ’ ಇರುವುದು ಒಂದು, ಅದಕ್ಕೆ ಆಗ ಚಿಕ್ಕಪ್ಪ ಎಂಬ ಅರ್ಥ ಇತ್ತು ಎನ್ನುವುದು ಇನ್ನೊಂದು. ಆ ವಚನ ನಮಗೆ ಬೇರೆ ಕಾರಣಕ್ಕೆ ದೊಡ್ಡದು. ಹುಟ್ಟಿನಿಂದ ಬಾರದ ಸಂಬಂಧವನ್ನು ಬಸವಣ್ಣ ಬಾಯಿತುಂಬ ಕರೆದು ಕಟ್ಟಿಕೊಂಡರು. ಅಪ್ಪ, ಬೊಪ್ಪ ಎರಡೂ ತುಟಿ ಕೂಡಿಸಿ ಬಿಡುವ ಶಬ್ದ ಎಂಬುದನ್ನೂ ಗಮನಿಸ್ರಿ, ಅದಕ್ಕೆ ಆಮೇಲೆ ಬರುತ್ತೇನೆ.

ಇದೇ ರೀತಿ, ಗೋಕಾಕದ ಹೆಸರು ಹಳೆಯ ಶಾಸನದಲ್ಲಿ ‘ಗೋಕಾಗೆ’ ಎಂದಿದೆ. ಅಷ್ಟರಿಂದಲೇ ಗೋವು, ಕಾಗೆ ಎಂದು ಬಿಡಿಸಿ ಕಥೆ ಕಟ್ಟುವವರಿದ್ದಾರೆ. ಊರ ಹೆಸರನ್ನು ಹಾಗೆ ಬಿಡಿಸಬಾರದು.

ಮುಧೋಳ ಬೆಲ್ಲ (ಸದ್ಯ ದುಬೈ):

ನಾ ಇಲ್ಲಿ ಹನ್ನೊಂದು ವರ್ಷ ಆತು. ಈ ಶಬ್ದದ ಜೊತಿ ದಿನಾ ಬಾಳೇ ಮಾಡೀನಿ, ಹೇಳತೀನಿ ಕೇಳ್ರಿ.

ಮೊದಲನೇ ವರ್ಷ ನಮ್ಮ ಖೋಲ್ಯಾಗ ಎಂಟು ಮಂದಿ. ಒಬ್ಬ ಪೇಶಾವರದ ಪಠಾಣ, ಗಾಡಿ ಹೊಡೀತಿದ್ದ. ಅವಗ ಐವತ್ತು ದಾಟಿತ್ತು, ಎಲ್ಲಾರೂ ‘ಕಾಕಾ’ ಅಂತಿದ್ರು. ನನಗ ಮನಿ ನೆನಪಾಗಿ ನಾನೂ ಅಂದೆ. ಸರಿ. ಮ್ಯಾಲಿನ ಹಾಸಿಗಿ ಮಲಪ್ಪುರದ ಹುಡುಗಂದು. ಅವ ತನ್ನ ಊರಿನ ಹಿರಿಯಗ ‘ಇಕ್ಕಾ’, ‘ಕಾಕ್ಕಾ’ ಅಂತಿದ್ದ. ಮಲಬಾರಿನ ಮುಸಲ್ಮಾನರಿಗೆ ಅದು ಅಣ್ಣ. ಬೆಂಗಳೂರು, ಮಂಗಳೂರು ಕಡೆ ‘ಕಾಕಾ ಅಂಗಡಿ’ ಅಂತಾರಲ್ಲ ಚಾ ಅಂಗಡಿಗೆ, ಅದು ಈ ಅಣ್ಣನ ಅಂಗಡಿ, ನಮ್ಮ ಕಾಕಾಂದಲ್ಲ. ಇನ್ನ ಜಾಲಂಧರದ ಸರದಾರ ಒಬ್ಬ ಇದ್ದ. ಅವ ಮನಿಗೆ ಫೋನ್ ಹಚ್ಚಿದ್ರ ‘ಕಾಕಾ, ಕಾಕಾ’ ಅಂತ ಕಣ್ಣೀರ ಹಾಕ್ತಿದ್ದ. ನಾ ತಿಳದದ್ದು ಅವಗ ಅವರ ಕಾಕಾನ ಮ್ಯಾಲೆ ಭಾಳ ಜೀವ ಅಂತ. ತಿಂಗಳ ಮ್ಯಾಲೆ ಗೊತ್ತಾತು, ಪಂಜಾಬಿಯೊಳಗ ಕಾಕಾ ಅಂದ್ರ ಸಣ್ಣ ಗಂಡುಕೂಸು. ಅವ ಮೂರು ವರ್ಷದ ಮಗನ ಕೂಡ ಮಾತಾಡ್ತಿದ್ದ.

ಆಮ್ಯಾಲೆ ಕೀನ್ಯಾದ ವಾಚಮನ್ ಬಂದ. ಸ್ವಾಹಿಲಿಯೊಳಗ ಕಾಕಾ ಅಂದ್ರ ಅಣ್ಣ. ಅವ ಝಾಡು ಹೊಡಿಯೋ ಹೆಣ್ಣುಮಗಳಿಗೆ ‘ದಾದಾ’ ಅಂದಾಗ ನಾವೆಲ್ಲಾ ತಿರುಗಿ ನೋಡಿದ್ವಿ. ಅವರಲ್ಲಿ ದಾದಾ ಅಂದ್ರ ಅಕ್ಕ! ನೈಜೀರಿಯಾದ ಹೌಸಾ ಮನಶಾ ಒಬ್ಬ ಹೇಳಿದ, ಅವರಲ್ಲಿ ಕಾಕಾ ಅಂದ್ರ ಅಜ್ಜ, ಅಜ್ಜಿ. ಇಂಡೋನೇಶಿಯಾದವರು ‘ಕಾಕಾಕ್’ ಅಂತಾರ, ಅಣ್ಣನೂ ಅದ, ಅಕ್ಕನೂ ಅದ.

ಈಗ ನೀವ ಲೆಕ್ಕಾ ಹಾಕ್ರಿ. ಒಂದ ಖೋಲಿ, ಒಂದ ಶಬ್ದ. ಪಂಜಾಬಿಗೆ ಕೂಸು, ಮಲಬಾರಿಗೆ ಅಣ್ಣ, ಪಠಾಣಗೂ ನನಗೂ ಅಪ್ಪನ ತಮ್ಮ, ಹೌಸಾಗ ಮುತ್ಯಾ. ಮನಶಾ ಹುಟ್ಟಿದ ದಿನದಿಂದ ಮುದುಕ ಆಗೂ ತನಕ ಎಲ್ಲಾ ಅದರಾಗ ಬಂತು. ಹೊರಗಿನವರು ಯಾರರೆ ಒಬ್ಬರು ಬಾಗಿಲ ಬಡದು ಕಾಕಾ ಅಂದ್ರ ನಾಕು ಮಂದಿ ಏಳ್ತಿದ್ವಿ.

ಹುಕ್ಕೇರಿ ಹುಡುಗಿ (ಸ್ವೀಡನ್):

ನನ್ನದೂ ಒಂದು. ಇಲ್ಲಿ ಬಂದ ಮೊದಲ ಚಳಿಗಾಲದಾಗ ಬಾಜೂ ಮನಿ ಅಜ್ಜಿ ಒಂದು ಡಬ್ಬಿ ಹಿಡಕೊಂಡು ಬಂದು, ಬಾಗಿಲದಾಗ ನಿಂತು ‘ಕಾಕಾ’ ಅಂದ್ಲು. ಡಬ್ಬಿ ತುಂಬ ಬಿಸ್ಕೀಟು! ಸ್ವೀಡಿಷ್‌ನಾಗ ಕಾಕಾ ಅಂದ್ರ ಬಿಸ್ಕೀಟು, ಕೇಕು. ಇಂಗ್ಲಿಷಿನ ಕೇಕ್ ಇದರಿಂದಲೇ ಹೋದದ್ದು, ಹಳೇ ನಾರ್ಸ್ ಭಾಷಾದ ‘ಕಾಕಾ’. ಅಂದ್ರ ಬೆಳಗಾವಿ ಬೇಕರಿಯೊಳಗ ನಾವು ತಗೊಳ್ಳೋ ಕೇಕಿಗೂ ಈ ಕಾಕಾನೇ ಮೂಲ. ಒಂದು ರಾತ್ರಿ ಹಡಗ ಹತ್ತಿ ಫಿನ್‌ಲ್ಯಾಂಡಿಗೆ ಹೋದ್ರ ಅಲ್ಲಿ ‘ಕಕ್ಕು’ ಅಂದ್ರ ಕೇಕು, ‘ಕಕ್ಕ’ ಅಂದ್ರ ಮಂಡ್ಯದ ಅಕ್ಕಾವರು ಹೇಳಿದ ಅರ್ಥ. ಕಡೀ ಸ್ವರ ತಪ್ಪಿದ್ರ ಮುಗೀತು. ನಾ ಅಲ್ಲಿ ಅಂಗಡ್ಯಾಗ ಬೆರಳ ಮಾಡಿನೇ ತೋರಿಸ್ತೀನಿ.

ಆಲಮಟ್ಟಿ ಹಕ್ಕಿ:

ಹಕ್ಕಿ ನೋಡೋನು ನಾ, ಹಕ್ಕಿ ಬಿಟ್ಟು ಉಳದದ್ದೆಲ್ಲಾ ಬಂತಿಲ್ಲಿ. ಸಂಸ್ಕೃತದ ಕಾಕ, ಕನ್ನಡದ ಕಾಗೆ, ತಮಿಳು ಮಲಯಾಳದ ಕಾಕ್ಕಾ, ತೆಲುಗಿನ ಕಾಕಿ. ಹೆಸರು ಇಟ್ಟಾವ ಕಾಗೀನೇ, ತನ್ನ ದನಿಯಿಂದ ತಾನೇ ಇಟಗೊಂಡೈತಿ. ನ್ಯೂಜಿಲೆಂಡಿನ ಮಾವೊರಿ ಮಂದಿ ಅಲ್ಲಿಯ ಒಂದು ಗಿಳಿಗೆ ‘ಕಾಕಾ’ ಅಂತಾರ. ‘ಪೋ’ ಅಂದ್ರ ರಾತ್ರಿ. ರಾತ್ರಿ ತಿರುಗೋ, ಹಾರಲಾರದ ದೊಡ್ಡ ಗಿಳಿಗೆ ಅದಕ್ಕ ‘ಕಾಕಾಪೋ’ ಅಂತ ಹೆಸರು.

ನಿಪ್ಪಾಣಿ ಪ್ಯಾಟಿ:

ಮರಾಠಿಯೊಳಗ ಕಾಗಿಗೆ ‘ಕಾವಳಾ’, ಕೂಸುಗಳ ಬಾಯಾಗ ‘ಕಾಊ’. ಹಿಂಗಾಗಿ ನಮಗ ಕಾಕಾನೂ ಕಾಗೀನೂ ಎಂದೂ ಕೂಡಿಲ್ಲ. ಪಿಂಡ ಇಟ್ಟು ಕಾಗಿ ಮುಟ್ಟಲಿ ಅಂತ ಕಾಯುವಾಗ ಅಷ್ಟ ‘ಕಾಕಸ್ಪರ್ಶ’ ಅಂತ ಸಂಸ್ಕೃತ ಬರ್ತೈತಿ.

ಹಳೆಗನ್ನಡ ಮಾಸ್ತರ (ಜಮಖಂಡಿ):

ಈಗ ಇಷ್ಟೆಲ್ಲ ಸೇರಿತಲ್ಲ, ಒಂದು ಶಬ್ದ ನಾನು ಸೇರಿಸುತ್ತೇನೆ: ಕಾಕತಾಳೀಯ. ಕಾಗೆ ಬಂದು ತಾಳೆಮರದ ಮೇಲೆ ಕೂತದ್ದಕ್ಕೂ ಹಣ್ಣು ಬಿದ್ದದ್ದಕ್ಕೂ ಸರಿಹೋಯಿತು. ಕಾಗೆಯೇ ಕೆಡವಿತು ಎಂದು ನೋಡಿದವನು ತಿಳಿದ. ಸ್ವೀಡನ್ನಿನ ಬಿಸ್ಕೀಟು, ನ್ಯೂಜಿಲೆಂಡಿನ ಗಿಳಿ, ಗೋಕಾಕದ ಕಾಕಾ ಮೂರೂ ಒಂದೇ ಸದ್ದು ಪಡೆದದ್ದು ಹೀಗೆಯೇ. ಭಾಷೆಗಳು ಸಾವಿರಾರು, ಬಾಯಿಯ ಸದ್ದುಗಳು ಬೆರಳೆಣಿಕೆ. ಎರಡಕ್ಷರದ ಶಬ್ದಗಳು ಹಲವು ಕಡೆ ಒಂದಕ್ಕೊಂದು ಹೊಂದಿ ಬರಲೇಬೇಕು. ನಂಟು ಹೇಳಬೇಕಾದರೆ ನಿಪ್ಪಾಣಿಯವರು ಮಾಡಿದ ಹಾಗೆ ಜೋಡಿ ಶಬ್ದ ನೋಡಬೇಕು, ಸ್ವರ ನೋಡಬೇಕು, ಜನ ಹಾದಿ ತುಳಿದದ್ದನ್ನು ನೋಡಬೇಕು.

ಆದರೆ ದುಬೈಯವರ ಖೋಲಿಯಲ್ಲಿ ನಡೆದದ್ದು ಬರೀ ಕಾಕತಾಳೀಯವಲ್ಲ. ಅಷ್ಟು ಭಾಷೆಗಳಲ್ಲಿ ಮನೆಯವರಿಗೇ ಈ ಹೆಸರು ಏಕೆ ಬಂತು? ಅದಕ್ಕೆ ಕೂಸಿನ ಬಾಯಿ ಕಾರಣ. ರೋಮಾನ್ ಯಾಕೋಬ್ಸನ್ ಎಂಬ ಭಾಷಾಶಾಸ್ತ್ರಜ್ಞ ಮಾಮಾ, ಪಾಪಾ ಶಬ್ದಗಳು ಲೋಕದ ತುಂಬ ಏಕೆ ಕಾಣುತ್ತವೆ ಎಂಬುದನ್ನು ಹೀಗೆಯೇ ವಿವರಿಸಿದರು. ಕೂಸು ತನಗೆ ಬರುವ ಸದ್ದನ್ನು ಎರಡೆರಡು ಸಲ ಆಡುತ್ತದೆ, ಹತ್ತಿರ ಇದ್ದವರು ‘ನನ್ನನ್ನೇ ಕರೆಯಿತು’ ಎಂದು ಎತ್ತಿಕೊಳ್ಳುತ್ತಾರೆ. ಯಾರು ಎತ್ತಿಕೊಂಡರೋ ಶಬ್ದ ಅವರದಾಗುತ್ತದೆ. ಜಾರ್ಜಿಯಾ ದೇಶದಲ್ಲಿ ‘ಮಾಮಾ’ ಅಂದರೆ ಅಪ್ಪ, ‘ದೇದಾ’ ಅಂದರೆ ಅವ್ವ. ನಮಗೆ ಮಾಮಾ ಅವ್ವನ ಅಣ್ಣ. ಬ್ರೆಜಿಲಿನ ಫುಟ್‌ಬಾಲ್ ಆಟಗಾರ ಕಾಕಾ, 2007ರಲ್ಲಿ ಬ್ಯಾಲನ್ ಡಿ’ಓರ್ ಪ್ರಶಸ್ತಿ ಗೆದ್ದವರು, ಅವರ ಹೆಸರು ರಿಕಾರ್ಡೊ. ತಮ್ಮನಿಗೆ ಆ ಹೆಸರು ನಾಲಿಗೆಗೆ ಬಾರದೆ ಕಾಕಾ ಆಯಿತು. ಲೋಕವೆಲ್ಲ ಕರೆದದ್ದು ಆ ಕೂಸಿನ ಮಾತಿನಲ್ಲೇ.

ಕೂಸುಗಳಿಗೆ ಮೊದಲು ತುಟಿಯ ಸದ್ದು ಬರುತ್ತದೆ, ಅಪ್ಪ, ಬೊಪ್ಪ, ಮಾಮಾ. ಆಮೇಲೆ ಹಲ್ಲಿನ ಹಿಂದಿನದು, ತ, ದ. ಗಂಟಲ ಹತ್ತಿರದ ಕ, ಗ ಬಹಳಷ್ಟು ಮಕ್ಕಳಿಗೆ ತಡ. ಅಲ್ಲಿಯ ತನಕ ಕಕಾರದ ಜಾಗದಲ್ಲಿ ತಕಾರ ಹಾಕುತ್ತವೆ. ತಮ್ಮಾ, ನಿನ್ನ ಅಣ್ಣನ ಮಗಳು ನಿನ್ನನ್ನು ‘ತಾತಾ’ ಅನ್ನುತ್ತಾಳೆ ಎಂದೆಯಲ್ಲ, ಅವಳು ಕಾಕಾ ಅಂತಲೇ ಕರೆಯುತ್ತಿದ್ದಾಳೆ. ನಾಲಿಗೆ ಇನ್ನೂ ಅಷ್ಟು ಹಿಂದಕ್ಕೆ ಹೋಗಿಲ್ಲ.

ಮಂಡ್ಯದ ಸೊಸೆ:

ಅಯ್ಯೋ, ನಮ್ಮಮ್ಮ ಫೋನಲ್ಲಿ ಕೇಳಿಸ್ಕೊಂಡು ‘ಚಿಕ್ಕಪ್ಪನ್ನ ಯಾಕೆ ತಾತ ಅಂತಿದೆ ಮಗು, ಅವರಿಗೆ ಅಷ್ಟು ವಯಸ್ಸಾಯ್ತಾ?’ ಅಂತ ಕೇಳಿದ್ರು. ನಮ್ಮ ಕಡೆ ತಾತ ಅಂದ್ರೆ ಅಜ್ಜ. ಮಾಸ್ತರು ಹೇಳಿದ ಮೇಲೆ ನಿನ್ನೆ ಪರೀಕ್ಷೆ ಮಾಡಿದೆ. ‘ಕೋಳಿ’ ಅನ್ನು ಅಂದೆ, ‘ತೋಳಿ’ ಅಂದಳು. ‘ಕಾಲು’ ಅಂದೆ, ‘ತಾಲು’ ಅಂದಳು. ಹಾಗಾದ್ರೆ ತಾತಾ ಅಂದ್ರೆ ಕಾಕಾನೇ.

ಘಟಪ್ರಭಾ ದಂಡಿ (ಗೋಕಾಕ):

ಎಲ್ಲಾ ಓದಿದೆ. ಮಾಸ್ತರ ಬರದದ್ದನ್ನ, ಮಣೆ ಮಾತನ್ನ, ಮುಂಜಾನೆ ಕಾಕಾಗ ಓದಿ ತೋರಿಸಿದೆ. ಎರಡು ಸಲ ಓದಿಸಿಕೊಂಡ್ರು. ಆಮ್ಯಾಲೆ ಪಟಕಾ ಸುತಗೊಂಡು ಹೊರಗ ಹೊಂಟ್ರು. ಎಲ್ಲಿಗಿ ಅಂತ ಕೇಳಿದ್ರ, ಆ ಹಿರಿಯರ ಮನಿಗೆ ಅಂದ್ರು. ಜಗಳಕ್ಕಲ್ಲ. ಅವರ ಅವ್ವನ ತಂಗಿ ಗಂಡನಿಗೆ ಅವರು ಏನ ಕರೀತಿದ್ರು ಅಂತ ಕೇಳಾಕ.

ಇನ್ನ ಒಂದು ಕೇಳೂದೈತಿ. ನನ್ನ ಲಗ್ನ ಬರೂ ಮಾಘದಾಗ. ಹುಡುಗಿ ದಾವಣಗೆರಿಯಾಕಿ. ಕೂಸು ಆಕಿಗೆ ಕಾಕು ಅನಬೇಕೋ ಚಿಕ್ಕಮ್ಮ ಅನಬೇಕೋ?

ಮಂಡ್ಯದ ಸೊಸೆ:

ಅದನ್ನ ಇಲ್ಲಿ ಯಾಕೆ ಕೇಳ್ತೀರಿ? ‘ಕಾಕು’ ಅಂದ್ರೆ ಆ ಹುಡುಗಿಗೆ ಕಾಕುಪೋಕು ನೆನಪಾಗಿ ನನ್ನ ಹಾಗೆ ಎರಡು ತಿಂಗಳು ಒಳಗೊಳಗೇ ಇಟ್ಕೊಂಡ್ರೆ? ಅವಳ ನಂಬರ್ ಕಳಿಸಿ, ನಾನೇ ಇವತ್ತು ಸಂಜೆ ಮಾತಾಡ್ತೀನಿ.